ಸ್ಟೇರಿಂಗ್ ಹಿಡಿಯುವ ಕೈ

ಜನವರಿ 11, ಮಧ್ಯಾಹ್ನ, ಡಿಪೋ

ಮೊದಲ ಪಾಳಿ ಮುಗಿಯಿತು. ಭುಜ, ಸೊಂಟ, ಮೊಣಕೈ — ರಾತ್ರಿಯಿಡೀ ಯಾರೋ ಒನಕೆಯಲ್ಲಿ ಕುಟ್ಟಿದಂತೆ. ಬೆಳಿಗ್ಗೆ ಯೂನಿಫಾರ್ಮಿನ ಗುಂಡಿಗೆ ಬೆರಳು ಒಪ್ಪಲಿಲ್ಲ. ಗಂಡ ಹಾಕಿಕೊಟ್ಟ. ಒಂದು ಗುಂಡಿ ತಪ್ಪು ತೂತಿಗೆ ಹೋಗಿದ್ದು ಕಂಡಕ್ಟರ್ ಹೇಳಿದ ಮೇಲೆಯೇ ಗೊತ್ತಾದದ್ದು. ಈ ಡಿಪೋದ ಮೊದಲ ಹೆಂಗಸು ಡ್ರೈವರ್. ಗುಂಡಿ ಹಾಕಿಕೊಳ್ಳಲು ಬಾರದವಳು.

ಜನವರಿ 19

ರಕ್ತ ಸರಿ. ಸ್ಕ್ಯಾನ್ ಸರಿ. ಎಲ್ಲರೂ ಇದನ್ನೇ ಹೇಳಿ ಕಳಿಸುತ್ತಿದ್ದರು. ಇಂದಿನ ಡಾಕ್ಟರಮ್ಮ ಹಾಗೆ ಮಾಡಲಿಲ್ಲ. ಮೈಯೆಲ್ಲ ಒತ್ತಿ ನೋಡಿದರು, ನಿದ್ದೆಯ ಬಗ್ಗೆ ಕೇಳಿದರು.

"ಫೈಬ್ರೊಮಯಾಲ್ಜಿಯಾ. ನಿಮ್ಮ ನೋವು ನಿಜ. ನರಗಳು ಸಣ್ಣ ಮಾತನ್ನೂ ಮೈಕ್ ಹಾಕಿ ಕೂಗ್ತಿವೆ. ಪೂರ್ತಿ ಹೋಗುತ್ತೆ ಅಂತ ಹೇಳಲ್ಲ. ಸದ್ದು ತಗ್ಗಿಸಬಹುದು."

ಮನೆಯಲ್ಲಿ ಹೆಸರು ಹೇಳಿದೆ. ಅತ್ತೆ, "ಅದೇನು ಊರಿನ ಹೆಸರಾ?" ಎಂದರು. ಆಮೇಲೆ, "ಸದ್ಯ, ಹೆಸರಾದ್ರೂ ಸಿಕ್ತಲ್ಲ. ನಿನ್ನ ಸೋಮಾರಿ ಅಂದವರಿಗೆಲ್ಲ ನಾನೇ ಹೇಳ್ತೀನಿ."

ಅಂದವರಲ್ಲಿ ಅವರೂ ಒಬ್ಬರು. ನೆನಪಿಸಲಿಲ್ಲ.

ಜನವರಿ 28, ಬೆಳಿಗ್ಗೆ

ನೋವಿಲ್ಲ. ಇನ್ನೊಮ್ಮೆ ಬರೆದು ನೋಡುತ್ತೇನೆ — ನೋವಿಲ್ಲ. ನರದ ಮಾತ್ರೆ ಕೆಲಸ ಮಾಡಿದೆ. ಎರಡೂ ಕೈ ಎತ್ತಿ ನಾನೇ ಜಡೆ ಹೆಣೆದೆ. ಬಿಚ್ಚಿ, ಸುಮ್ಮನೆ ಇನ್ನೊಮ್ಮೆ ಹೆಣೆದೆ. ತಲೆ ಮಾತ್ರ ಹತ್ತಿ ತುಂಬಿದ ಹಾಗಿದೆ. ಮಾತ್ರೆಯ ಮಂಪರು ಇಳಿಯುವವರೆಗೆ ಬಸ್ಸು ಮುಟ್ಟಬೇಡಿ ಎಂದಿದ್ದಾರೆ ಡಾಕ್ಟರಮ್ಮ. ರಜೆಯಲ್ಲಿದ್ದೇನೆ.

ಫೆಬ್ರವರಿ 4

ಇಂದು ಡ್ಯೂಟಿಗೆ ಹೋದೆ. ಕಣ್ಣು ನಿಚ್ಚಳವಾಗಿದೆ ಅನ್ನಿಸಿತ್ತು.

ಡಿಪೋ ಅಂಗಳದಲ್ಲಿ ಬಸ್ಸನ್ನು ಹಿಂದಕ್ಕೆ ತರುತ್ತಿದ್ದೆ. ದೀಪದ ಕಂಬ ಕಂಡಿತು. ಕಂಡಿತು, ಆದರೆ ಬ್ರೇಕ್ ಒತ್ತಲು ಕಾಲು ತಡ ಮಾಡಿತು. ಒಂದು ಗೇಣು ಬಾಕಿ ಇರುವಾಗ ಬಸ್ಸು ನಿಂತಿತು. ಕಂಬದ ಆಚೆ ಬಸ್ಸು ತೊಳೆಯುವವಳು ಬಕೆಟ್ ಹಿಡಿದು ಬೆನ್ನು ತಿರುಗಿಸಿ ನಿಂತಿದ್ದಳು. ಅವಳಿಗೆ ಗೊತ್ತೇ ಆಗಲಿಲ್ಲ.

ಬಸ್ಸು ಆಫ್ ಮಾಡಿದೆ. ಇಳಿದೆ. ಸೀದಾ ಮ್ಯಾನೇಜರ ಕೋಣೆ. ಕೀ ಮೇಜಿನ ಮೇಲಿಟ್ಟೆ.

"ಈ ಸ್ಥಿತೀಲಿ ಓಡಿಸಲ್ಲ ಸರ್."

"ಏನೂ ಆಗಿಲ್ವಲ್ಲಮ್ಮ. ಯಾರೂ ನೋಡೂ ಇಲ್ಲ."

"ನಾನು ನೋಡಿದೀನಿ."

ಅವರು ಕೀ ಎತ್ತಿಟ್ಟುಕೊಂಡರು. ನನ್ನನ್ನು ಬಸ್ ಪಾಸ್ ಕೊಡುವ ಕೌಂಟರಿಗೆ ಹಾಕಿದರು. ಎಷ್ಟು ದಿನ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಳು ಬಂತು, ನಿಜ. ಆದರೆ ತಲೆ ತಗ್ಗಿಸಿ ಹೊರಬರಲಿಲ್ಲ.

ಫೆಬ್ರವರಿ 20

ಗಾಜಿನ ಹಿಂದೆ ಕೂತು ಫೋಟೊ ಅಂಟಿಸಿ ಸೀಲು ಒತ್ತುವುದು. ನನ್ನ ಬಸ್ಸನ್ನು ಬೇರೆಯವನು ಓಡಿಸುತ್ತಾನೆ. ಗೇಟು ದಾಟುವಾಗ ಎರಡನೇ ಗೇರಿನಲ್ಲಿ ಅದನ್ನು ನರಳಿಸುತ್ತಾನೆ. ಕೇಳಿಸಿಕೊಂಡು ಹಲ್ಲು ಕಚ್ಚಿ ಕೂರಬೇಕು.

ಹಿರಿಯ ಡ್ರೈವರ್, ಎಲ್ಲರೂ ಮೀಸೆ ಎನ್ನುತ್ತಾರೆ, ಕೌಂಟರಿಗೆ ಮೊಣಕೈ ಊರಿ, "ನೋಡೋಕೆ ಗುಂಡುಕಲ್ಲಿನ ಹಾಗಿದ್ದೀಯ. ಅದೆಂಥ ಕಾಯಿಲೆನೋ" ಎಂದ. "ನೋಡೋಕೆ ಸಿಗದ ಕಾಯಿಲೆ ಅಣ್ಣ" ಎಂದೆ. ನಕ್ಕ. ನಾನು ನಗಲಿಲ್ಲ.

ಡಾಕ್ಟರಮ್ಮನ ಹತ್ತಿರ ಗಟ್ಟಿಯಾಗಿಯೇ ಹೇಳಿದೆ. "ನೋವು ಹೋಗಿ ನಾನೂ ಹೋದ್ರೆ ಏನು ಬಂತು? ನನಗೆ ಎಚ್ಚರ ಬೇಕು."

"ಹಾಗಾದ್ರೆ ಮಾತ್ರೆ ಕಡಿಮೆ ಮಾಡೋಣ, ಸಂಜೆ ಬೇಗ ತಗೊಳ್ಳಿ. ಉಳಿದದ್ದನ್ನ ವ್ಯಾಯಾಮದಿಂದ ಮೈಗೆ ಕಲಿಸ್ಬೇಕು. ನಿಧಾನ ಆಗುತ್ತೆ. ತಾಳ್ಮೆ ಇದೆಯಾ?"

ಟ್ರಾಫಿಕ್‌ನಲ್ಲಿ ಬಸ್ಸು ಓಡಿಸಿದವಳನ್ನು ಕೇಳುವ ಪ್ರಶ್ನೆಯೇ ಇದು?

ಮಾರ್ಚ್ 9

ಆಸ್ಪತ್ರೆಯ ಹಿಂದೆ ಬೆಚ್ಚಗಿನ ನೀರಿನ ಕೊಳ. ಎದೆಮಟ್ಟ. ಈಜು ಬರುವುದಿಲ್ಲ ಎಂದೆ. "ನಡೆಯೋಕೆ ಬರುತ್ತಲ್ಲ? ನೀರಲ್ಲಿ ನಡೀರಿ," ಎಂದಳು ವ್ಯಾಯಾಮ ಹೇಳಿಕೊಡುವ ಫಿಸಿಯೊ. ನಡೆದೆ. ಮೈ ಹಗುರ. ಯಾರೋ ಕಂಕುಳಿಗೆ ಕೈ ಕೊಟ್ಟು ಎತ್ತಿ ಹಿಡಿದ ಹಾಗೆ. ಅವಳು ಸಾಕು ಎಂದಮೇಲೂ ನಡೆದೆ...

ಮಾರ್ಚ್ 12

ನಿನ್ನೆ ಮೊನ್ನೆ ಹಾಸಿಗೆ. ಪೆನ್ನು ಹಿಡಿಯಲಾಗಲಿಲ್ಲ.

ಮಾರ್ಚ್ 15

ಫಿಸಿಯೊ ಬೈದಳು. "ಚೆನ್ನಾಗಿದೆ ಅನ್ನಿಸಿದಾಗ್ಲೇ ನಿಲ್ಲಿಸ್ಬೇಕು. ಆಗದಿದ್ದ ದಿನಾನೂ ಸ್ವಲ್ಪ ಮಾಡ್ಬೇಕು." ನನಗೆ ಎರಡೂ ಬಾರದು. ಆದ ದಿನ ಮನೆಯೆಲ್ಲ ಒರೆಸಿ, ಆಗದ ದಿನ ಗೋಡೆಗೆ ಮುಖ ಮಾಡಿ ಮಲಗುವವಳು. ಕಲಿಯಬೇಕು.

ಏಪ್ರಿಲ್ 23

ಅತ್ತೆ ದಿನಾ ಕೊಳಕ್ಕೆ ಜೊತೆಗೆ ಬಂದು ಬೆಂಚಿನ ಮೇಲೆ ಟವೆಲ್ ಕಾಯುತ್ತಿದ್ದರು. ಇಂದು ಮೊಣಕಾಲು ನೋವೆಂದು ತಾವೂ ಇಳಿದರು. ಸೀರೆ ಬಿಟ್ಟು ಬೇರೆ ಉಟ್ಟವರಲ್ಲ, ನನ್ನ ಹಳೆಯ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ಕಂಬಿ ಹಿಡಿದು, "ಯಾರೂ ನೋಡ್ತಿಲ್ಲ ತಾನೆ?" ಎಂದರು. ಎಲ್ಲರೂ ನೋಡುತ್ತಿದ್ದರು. ಇಬ್ಬರೂ ನೀರಿನಲ್ಲಿ ಅಕ್ಕಪಕ್ಕ ನಡೆದೆವು. ಫಿಸಿಯೊ ಸಾಕು ಎಂದಾಗ ಹೊರಬಂದೆ. ಅತ್ತೆಯನ್ನು ಹೊರತರುವುದೇ ಕಷ್ಟವಾಯಿತು.

ಮೇ 30

ಬಹಳ ದಿನ ಬರೆಯಲಿಲ್ಲ. ದೂರಲು ಏನೂ ಇರಲಿಲ್ಲ.

ನೋವಿದೆ. ಇಲ್ಲ ಎಂದರೆ ಸುಳ್ಳು. ಆದರೆ ಈಗ ಅದು ಪಕ್ಕದ ಮನೆಯ ರೇಡಿಯೊ. ರಾತ್ರಿ ನಿದ್ದೆ, ಬೆಳಿಗ್ಗೆ ಎಚ್ಚರ. ಗುಂಡಿ ನಾನೇ ಹಾಕಿಕೊಳ್ಳುತ್ತೇನೆ. ಗಂಡನಿಗೆ ಸ್ವಲ್ಪ ಬೇಸರ. ಡಾಕ್ಟರಮ್ಮ ಪರೀಕ್ಷೆ ಮಾಡಿ, ಓಡಿಸಬಹುದು ಎಂದು ಬರೆದುಕೊಟ್ಟರು. ಮ್ಯಾನೇಜರ್ ಮತ್ತೆ ಟೆಸ್ಟ್ ಕೊಡಿ ಎಂದರು. ಕೊಡುತ್ತೇನೆ ಎಂದೆ. ಅರ್ಧ ಪಾಳಿ, ನಡುವೆ ಇಳಿದು ಓಡಾಡಲು ಬಿಡುವು — ಬಾಯಿಬಿಟ್ಟು ಕೇಳಿದೆ. ಹಿಂದೆ ಆಗಿದ್ದರೆ ಸತ್ತರೂ ಕೇಳುತ್ತಿರಲಿಲ್ಲ.

ಜೂನ್ 14

ಟೆಸ್ಟ್. ತರಬೇತಿ ಮೇಷ್ಟ್ರು ಪಕ್ಕದಲ್ಲಿ. ಏರು, ಇಕ್ಕಟ್ಟಿನ ತಿರುವು, ಮಾರುಕಟ್ಟೆ ರಸ್ತೆ. ಮಾರುಕಟ್ಟೆಯಲ್ಲಿ ತಳ್ಳುಗಾಡಿಯವನು ಅಡ್ಡ ನುಗ್ಗಿದ. ಅವನನ್ನು ಕಂಡೆ ಎಂದು ಗೊತ್ತಾಗುವ ಮೊದಲೇ ಕಾಲು ಬ್ರೇಕಿನ ಮೇಲಿತ್ತು.

ಮೇಷ್ಟ್ರು ನೀರು ಕುಡಿದರು. "ಕೈ ನೋಯ್ತಿದೆಯಾ?"

"ನೋಯ್ತಿದೆ ಸರ್. ನಿದ್ದೆ ಬರ್ತಿಲ್ಲ."

"ನನ್ನ ನಿದ್ದೇನೂ ಹೋಯ್ತು ಬಿಡಮ್ಮ" ಎಂದು ಸಹಿ ಹಾಕಿದರು.

ಗೇಟಿನ ಹತ್ತಿರ ಮೀಸೆ ಕಾದಿದ್ದ. ಅರ್ಧ ಪಾಳಿಯ ಬಗ್ಗೆ ಏನೋ ಚುಚ್ಚುತ್ತಾನೆ ಎಂದುಕೊಂಡೆ. ಅತ್ತಿತ್ತ ನೋಡಿ, "ಆ ಬಿಸಿನೀರಿನ ಜಾಗ ಎಲ್ಲಿ ಬರುತ್ತೆ? ನನ್ನ ಸೊಂಟ ಬಹಳ ವರ್ಷದಿಂದ..." ಎಂದ. ದಾರಿ ಹೇಳಿದೆ. ಸಾಕು ಎಂದಾಗ ನಿಲ್ಲಿಸಬೇಕು ಎಂದೂ ಹೇಳಿದೆ.

ಜೂನ್ 21, ಬೆಳಿಗ್ಗೆ 9, ಕೊನೆಯ ಸ್ಟಾಪ್

ಬಿಡುವು. ಬಸ್ಸಿನ ಸುತ್ತ ನಡೆದೆ, ಭುಜ ತಿರುಗಿಸಿದೆ. ಈಗ ನನ್ನ ಸೀಟಿನಲ್ಲಿ ಕೂತು ಬರೆಯುತ್ತಿದ್ದೇನೆ. ನನ್ನ ಸೀಟು.

ಅತ್ತೆ ಮೊದಲ ಟ್ರಿಪ್ಪಿಗೇ ಹತ್ತಿದವರು ಇನ್ನೂ ಇಳಿದಿಲ್ಲ. ಎಲ್ಲಿಗೆ ಹೋಗಬೇಕು ಎಂದು ಕಂಡಕ್ಟರ್ ಕೇಳಿದರೆ, "ಇವಳು ಎಲ್ಲಿಗೆ ಹೋಗ್ತಾಳೋ ಅಲ್ಲಿಗೆ" ಎಂದರಂತೆ. ಈಗ ಹೊಸದಾಗಿ ಹತ್ತಿದವರಿಗೆ, "ಕೂತ್ಕೊಳ್ಳಿ, ಹೆದರ್ಬೇಡಿ, ಸರಿಯಿಲ್ಲ ಅನ್ಸಿದ್ರೆ ತಾನಾಗೇ ಕೀ ಕೊಟ್ಟು ಬರೋಳು ನನ್ನ ಸೊಸೆ" ಎನ್ನುತ್ತಿದ್ದಾರೆ, ಇಡೀ ಬಸ್ಸಿಗೆ ಕೇಳುವಂತೆ. ಕಿವಿ ಬಿಸಿಯಾಯಿತು. ಸುಮ್ಮನಿರಿ ಅತ್ತೆ ಎನ್ನಬೇಕು. ಅನ್ನುವುದಿಲ್ಲ. ಇನ್ನೂ ಸ್ವಲ್ಪ ಹೇಳಲಿ.

ಕಂಡಕ್ಟರ್ ಸೀಟಿ ಊದಿದ. ಬಾಗಿಲು ಮುಚ್ಚಿ ಹೊರಡಬೇ—