ಕುಣಿಗಲ್ಲಿನ ಒನ್ಸ್ ಮೋರ್

ತುಮಕೂರು
ಸಂಕ್ರಾಂತಿಯ ಮರುದಿನ, ೧೯೬೭

ಮಾನ್ಯ ಶಿವರಾಮಯ್ಯನವರಿಗೆ,

ಮಾನ್ಯ ಎಂದು ಬರೆಯಲು ಕೈ ಬರಲಿಲ್ಲ. ನಮ್ಮವರು ಪಕ್ಕದಲ್ಲೇ ಕೂತಿದ್ದರು, ಬರಿ ಎಂದು ಸನ್ನೆ ಮಾಡಿದರು, ಬರೆದೆ. ನಮ್ಮವರು ಎಂದರೆ ನನ್ನ ಗಂಡ. ಹನ್ನೊಂದು ವರ್ಷದ ಹಿಂದೆ ಕುಣಿಗಲ್ಲಿನ ಸಂತೆಮಾಳದಲ್ಲಿ ನೀವು ದವಡೆ ಮುರಿದು ಹಾಕಿದಿರಲ್ಲ, ಅವರೇ.

ನಿಮ್ಮ ಆಳು ಬಂದು ಕಾಗದ ಕೊಟ್ಟು ಹೋದ. ಚುನಾವಣೆಗೆ ನಿಂತಿದ್ದೀರಂತೆ. ಕುಣಿಗಲ್ಲಿನಲ್ಲಿ ದೊಡ್ಡ ಸಭೆಯಂತೆ. ಅಲ್ಲಿ ಹಳೆಯ ನಾಟಕದ ಕದರಮ್ಮ, ಅಂದರೆ ನಾನು, ಎರಡು ರಂಗಗೀತೆ ಹಾಡಿ ನಿಮಗೆ ಮತ ಕೇಳಬೇಕಂತೆ. "ನಾನೂ ಒಂದು ಕಾಲದಲ್ಲಿ ನಿಮ್ಮ ಜೊತೆ ರಂಗ ಹತ್ತಿದವನೇ ಅಲ್ಲವೇ" ಎಂದು ಕೊನೆಯಲ್ಲಿ ಬರೆದಿದ್ದೀರಿ. ಆ ಸಾಲನ್ನು ಗಟ್ಟಿಯಾಗಿ ಓದಿದೆ. ನಮ್ಮವರು ನಕ್ಕರು. ಈಗ ಅವರು ನಕ್ಕರೆ ಬಾಯಿ ಒಂದೇ ಪಕ್ಕಕ್ಕೆ ಹೋಗುತ್ತದೆ. ನನಗೆ ನಗು ಬರಲಿಲ್ಲ. ಮೈಯೆಲ್ಲ ಉರಿದು ಕೂತುಬಿಟ್ಟೆ, ಒಲೆಯ ಮೇಲಿನ ಹುಳಿ ಸೀದು ಹೋಯಿತು.

ನೀವು ರಂಗ ಹತ್ತಿದ್ದು ನಿಜ. ಹತ್ತಿ ಏನು ಮಾಡಿದಿರೆಂದು ನಿಮಗೆ ಗೊತ್ತಿರುವುದು ಅರ್ಧ. ಇನ್ನರ್ಧ ನನ್ನಿಂದ ಕೇಳಿ. ಅಂದು ನಮ್ಮವರ ಮಾತು ನಡುವೆಯೇ ನಿಂತುಹೋಯಿತು. ಅದನ್ನು ಅದೇ ಜಾಗದಲ್ಲಿ ನಿಂತು ಮುಗಿಸದೆ ತಾನು ಸಾಯುವುದಿಲ್ಲವೆಂದು ಅವರು ಹಟ ಹಿಡಿದು ಕೂತಿದ್ದಾರೆ. ಈ ಕಾಗದ ಅದಕ್ಕಾಗಿ.

ನಮ್ಮದು ಗುಬ್ಬಿಯ ಸಣ್ಣ ನಾಟಕ ಕಂಪನಿ. ಮಾಲೀಕರು ರೇವಣಸಿದ್ದಯ್ಯನವರು. ಪೌರಾಣಿಕ ಆಡಿ ಆಡಿ ಜನ ಬರುವುದು ಕಡಿಮೆಯಾದಾಗ ನಮ್ಮವರು ಹೊಸ ನಾಟಕ ಬರೆದರು, ಹೆಸರು 'ಮಹಾಸಭೆ'. ವಿಜಯಖಂಡವೆಂಬ ಇಲ್ಲದ ದೇಶ. ಅಲ್ಲಿ ರಾಜ ಹೋಗಿ ಜನರ ಮಹಾಸಭೆ ಬಂದಿದೆ. ಸಭೆಯಲ್ಲಿ ಸರ್ವಸುಧಾರಣಾ ಮಸೂದೆಯ ಮೇಲೆ ವಾದ. ಉಳುವವನಿಗೆ ಹೊಲ, ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಪಾಲು, ಊರ ಬಾವಿ ಎಲ್ಲರಿಗೂ, ಬಿಟ್ಟಿ ಚಾಕರಿ ಬಂದ್. ಎಲ್ಲ ಒಂದೇ ಮಸೂದೆಯಲ್ಲಿ. "ಇಷ್ಟೆಲ್ಲ ಒಂದೇ ಸಲ ತುರುಕಿದ್ರೆ ಯಾವ್ ಸರ್ಕಾರ ಪಾಸ್ ಮಾಡ್ತದಯ್ಯಾ" ಎಂದು ಮಾಲೀಕರು ಕೇಳಿದ್ದಕ್ಕೆ, "ನಾಟಕ್ದಲ್ಲಾದ್ರೂ ಪಾಸಾಗ್ಲಿ ಬುಡಿ ಯಜಮಾನ್ರೇ" ಎಂದಿದ್ದರು ನಮ್ಮವರು.

ಹೊಸ ಪರದೆ ಬರೆಸುವ ಯೋಗ್ಯತೆ ನಮಗೆಲ್ಲಿ? ಕೌರವರ ಆಸ್ಥಾನದ ಪರದೆಯನ್ನೇ ಇಳಿಬಿಟ್ಟು, ಸಿಂಹಾಸನಕ್ಕೆ ಬಿಳಿ ಪಂಚೆ ಹೊದಿಸಿ, ಸಭಾಧ್ಯಕ್ಷೆಯೆಂದು ನನ್ನನ್ನು ಕೂರಿಸಿದರು. ಕೈಗೆ ಒಂದು ಹಿತ್ತಾಳೆ ಗಂಟೆ. ಮಸೂದೆ ಮಂಡಿಸುವ ಮಂತ್ರಿ ನಮ್ಮವರು. ವಿರೋಧ ಪಕ್ಷದವರಿಗೆ ಕೌರವರ ಜರಿ ಪೇಟಗಳು. ಹೆಣ್ಣುಮಕ್ಕಳ ಪಾಲಿನ ಮಾತು ಬಂದಾಗ ಪೇಟದವರೆಲ್ಲ ಎದ್ದು ಬಂದು ಮಂತ್ರಿಯನ್ನು ಸಭೆಯ ನಡುವೆಯೇ ದೊಣ್ಣೆಯಿಂದ ಹೊಡೆಯುತ್ತಾರೆ. ನಾನು ಗಂಟೆ ಬಾರಿಸಿ "ಸಾಕು, ನಿಲ್ಲಿಸಿ! ಇದು ಜನರ ಸಭೆ" ಎಂದು ಕೂಗುತ್ತೇನೆ. ಮಂತ್ರಿ ಎದ್ದು, ತಲೆಗೆ ವಲ್ಲಿ ಸುತ್ತಿಕೊಂಡು, ಉಳಿದ ಭಾಷಣ ಮುಗಿಸಿ, ನೋಡುವ ಜನರ ಕಡೆಗೇ ತಿರುಗಿ ಕೇಳುತ್ತಾನೆ: "ಒಪ್ಪುವವರು ಕೈ ಎತ್ತಿ." ಜನ ಕೈ ಎತ್ತಿದರೆ ಮಸೂದೆ ಪಾಸು, ಪರದೆ ಬೀಳುತ್ತದೆ.

ಆ ದೊಣ್ಣೆಗಳು ಬಟ್ಟೆಯವು, ಒಳಗೆ ಬೂರುಗದ ಹತ್ತಿ. ಮೈಮೇಲೆ ಬಿದ್ದರೆ ಸದ್ದೇ ಬರುವುದಿಲ್ಲ. ಸದ್ದು ಕೊಡುತ್ತಿದ್ದವರು ತಬಲದ ನಜೀರ್ ಅಹಮದ್ ಸಾಬರು. ದೊಣ್ಣೆ ಮೇಲೆದ್ದಾಗ ಅವರ ಕೈಯೂ ಮೇಲೇಳುತ್ತಿತ್ತು, ಬಿದ್ದಾಗ ಬೀಳುತ್ತಿತ್ತು. ಮುಂದಿನ ಸಾಲಿನ ಹೆಂಗಸರು ಅಯ್ಯೋ ಎಂದು ಕಣ್ಣು ಮುಚ್ಚಿಕೊಳ್ಳುವಷ್ಟು ಚೆನ್ನಾಗಿ ಹೊಂದುತ್ತಿತ್ತು.

ಕುಣಿಗಲ್ಲಿನಲ್ಲಿ ಕ್ಯಾಂಪು ಹಾಕಿದೆವು. ಮೊದಮೊದಲು ಜನ ಕೈ ಎತ್ತಲು ನಾಚಿಕೊಂಡರು. ಆಮೇಲೆ ಎತ್ತಿದರು ನೋಡಿ, ಗಂಡಸರು, ಹೆಂಗಸರು, ನೆಲದ ಮೇಲೆ ಕೂತವರು, ಹೊರಗೆ ನಿಂತು ಕದ್ದು ನೋಡುವವರು. ನಿಮ್ಮ ತಂದೆಯವರ ಗೇಣಿ ಒಕ್ಕಲುಗಳು ಗಾಡಿ ಕಟ್ಟಿಕೊಂಡು ಬಂದು ನೋಡಿದರು. ಮಾರನೆಯ ವಾರ ನಿಮ್ಮ ಕಣದ ಬಿಟ್ಟಿ ಕೆಲಸಕ್ಕೆ ಒಂದು ನರಪಿಳ್ಳೆಯೂ ಬರಲಿಲ್ಲವಂತೆ. ಗಂಡ ಸತ್ತು ತವರು ಸೇರಿದ್ದ ನಿಮ್ಮ ಅಕ್ಕ ತುಳಸಮ್ಮನವರು ನಡುಮನೆಗೆ ಬಂದು ನಿಂತು ನನ್ನ ಪಾಲೆಲ್ಲಿ ಎಂದು ಕೇಳಿದರಂತೆ. ಅವರ ಕೆನ್ನೆಗೆ ನೀವು ಬಾರಿಸಿದ ಏಟಿನ ಸುದ್ದಿ ಸಂಜೆಯೊಳಗೆ ನಮ್ಮ ಡೇರೆಗೂ ಬಂತು. ಅದರ ಹಿಂದೆಯೇ ನೀವು ಬಂದಿರಿ.

"ಏನ್ಲಾ ನಾಟಕದವ್ನೆ, ಆ ಕೈ ಎತ್ತೋ ಸೀನ್ ತೆಗ್ದಾಕು. ಇಲ್ಲಾಂದ್ರೆ ನಾವೇ ಹತ್ತಿ ತೆಗೀತೀವಿ" ಎಂದಿರಿ. ನಮ್ಮವರು ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದರು. "ಸೀನ್ ತೆಗೀಬೋದು ಸ್ವಾಮಿ. ಜನ ಎತ್ತಿದ್ ಕೈನ ಹೆಂಗ್ ಇಳಿಸ್ತೀರಿ?" ಎಂದರು. ಅಷ್ಟೇ. ನೀವು ಉಗುಳಿ ಹೋದಿರಿ.

ಮುಂದಿನ ಸಂತೆಯ ದಿನ ಮಧ್ಯಾಹ್ನದ ಆಟ. ಬಿಸಿಲಿಗೆ ಡೇರೆಯೊಳಗೆ ಉಸಿರು ಕಟ್ಟುತ್ತಿತ್ತು. ಕುರ್ಚಿಯ ಸಾಲಿನಲ್ಲಿ ನೀವು, ಅಕ್ಕಪಕ್ಕ ನಿಮ್ಮ ನಾಲ್ವರು. ಸಭೆ ಶುರುವಾಯಿತು, ವಾದವಾಯಿತು, ಹತ್ತಿಯ ದೊಣ್ಣೆಗಳು ಬಿದ್ದವು, ನಾನು ಗಂಟೆ ಬಾರಿಸಿ ಕೂಗಿದೆ. ನಮ್ಮವರು ಇನ್ನೂ ನೆಲದಿಂದ ಎದ್ದಿರಲಿಲ್ಲ. ಆಗ ನೀವು ಎದ್ದು ನಿಂತು "ಒನ್ಸ್ ಮೋರ್" ಎಂದಿರಿ.

ಒನ್ಸ್ ಮೋರ್ ಎಂದರೆ ಕಂಪನಿಯವರಿಗೆ ಏನೆಂದು ನಿಮಗೆ ಗೊತ್ತಿತ್ತು, ಅದನ್ನೇ ಹಿಡಿದುಕೊಂಡಿರಿ. ಸತ್ತು ಮಲಗಿದ ಅಭಿಮನ್ಯು ಎದ್ದು ಕೂತು ಹಾಡಿ ಮತ್ತೆ ಸತ್ತದ್ದನ್ನು ನಾನೇ ಕಂಡಿದ್ದೇನೆ. ಜನ ಕೇಳಿದ ಮೇಲೆ ಇಲ್ಲವೆನ್ನುವಂತಿಲ್ಲ. ಹಾಡಿಗೆ ಕೇಳುತ್ತಿದ್ದರು, ಹೊಡೆತಕ್ಕೆ ಅದೇ ಮೊದಲು. ನಾನು ಪರದೆಯ ಪಕ್ಕದ ವಿಂಗಿನ ಕಡೆ ನೋಡಿದೆ. "ಮಾಡ್ಬುಡಿ ಕಣಮ್ಮ, ಜನ ಕೇಳ್ತಾವ್ರೆ" ಎಂದು ಮಾಲೀಕರು ಕೈಯಾಡಿಸಿದರು. ನಮ್ಮವರು ಎದ್ದು, ಮೈ ಕೊಡವಿಕೊಂಡು, ಹೊಡೆತಕ್ಕೆ ಮುಂಚಿನ ಮಾತಿನಿಂದ ಮತ್ತೆ ಶುರು ಮಾಡಿದರು.

ಅಷ್ಟರಲ್ಲಿ ನೀವು ಐದೂ ಜನ ಪಕ್ಕದ ಮೆಟ್ಟಿಲು ಹತ್ತಿ ಬಂದು ನಮ್ಮ ನಟರ ತಲೆಯ ಪೇಟ ಕಿತ್ತು ನಿಮ್ಮ ತಲೆಗೆ ಇಟ್ಟುಕೊಂಡಿರಿ. ಜನ ಹೋ ಎಂದು ನಕ್ಕರು. ನಾನೂ ಒಂದು ಗಳಿಗೆ ನಕ್ಕೆ. ನಿಮ್ಮ ಪಂಚೆಯೊಳಗಿಂದ ಬಂದ ದೊಣ್ಣೆಗೆ ಕಬ್ಬಿಣದ ಕಟ್ಟು ಇತ್ತು.

ನಜೀರ್ ಸಾಬರು ವಾಡಿಕೆಯಂತೆ ಕೈ ಎತ್ತಿದರು. ಅವರ ಕೈ ಇನ್ನೂ ಗಾಳಿಯಲ್ಲಿರುವಾಗಲೇ ಸದ್ದು ಬಂತು. ಒಣಗಿದ ಸೌದೆ ಮುರಿದ ಸದ್ದು. ಸಾಬರು ತಮ್ಮ ಕೈಯನ್ನೇ ನೋಡಿಕೊಂಡರು. ನನ್ನ ಕಡೆ ತಿರುಗಿ, "ಅಕ್ಕಾ, ನಾನ್ ಹೊಡೀಲಿಲ್ಲ" ಎಂದರು. ನನಗೆ ಗೊತ್ತಾದದ್ದು ಆಗ.

ಎರಡನೆಯ ಏಟು ದವಡೆಗೆ. ಹಲ್ಲು ಸಿಡಿದು ನನ್ನ ಕಾಲ ಬಳಿ ಬಂದು ಬಿದ್ದವು. ಮೂರನೆಯದು ಕಿವಿಯ ಮೇಲೆ. ಅವರು ಬಿದ್ದರು, ನೀವು ಎದೆಯ ಮೇಲೆ ಕಾಲಿಟ್ಟಿರಿ. ಸಿಂಹಾಸನಕ್ಕೆ ಹೊದಿಸಿದ್ದ ಬಿಳಿ ಪಂಚೆಯ ಅಂಚಿಗೆ ರಕ್ತ ಚಿಮ್ಮಿತು. ನಾನು ಗಂಟೆ ಬಾರಿಸಿದೆ. "ಸಾಕು, ನಿಲ್ಲಿಸಿ! ಇದು ಜನರ ಸಭೆ" ಎಂದು ಎದೆ ಒಡೆದು ಹೋಗುವ ಹಾಗೆ ಕೂಗಿದೆ. ಜನ ಚಪ್ಪಾಳೆ ತಟ್ಟಿದರು, ಶಿವರಾಮಯ್ಯನವರೇ. ಅದು ನನ್ನ ಮಾತು, ನಾಟಕದಲ್ಲಿ ಇದ್ದದ್ದೇ. ಮತ್ತೆ ಕೂಗಿದೆ, ಮತ್ತೆ ಚಪ್ಪಾಳೆ. ನನ್ನ ಗಂಡನನ್ನು ನನ್ನ ಕಣ್ಣೆದುರು ಕೊಲ್ಲುತ್ತಿದ್ದೀರಿ, ನಾನು ಅತ್ತಷ್ಟೂ ಜನ ಭೇಷ್ ಎನ್ನುತ್ತಿದ್ದಾರೆ. ಯಾವ ಹೆಣ್ಣಿಗೂ ಆ ಚಪ್ಪಾಳೆ ಬೇಡ.

ಆಗ ನನ್ನ ಬಾಯಿಂದ ಅವರ ಹೆಸರು ಬಂತು. "ಚನ್ನವೀರಯ್ಯಾ" ಎಂದು ಕೂಗಿದೆ. ಮದುವೆಯಾದ ಮೇಲೆ ನಾನು ಆಡದೇ ಇದ್ದ ಹೆಸರು. ಮನೆಗೆ ಬಂದ ಮುತ್ತೈದೆಯರು ಎಷ್ಟು ಕಾಡಿದರೂ ಒಗಟಿನಲ್ಲಿ ಕೂಡ ಹೇಳದೆ ತಪ್ಪಿಸಿಕೊಂಡ ಹೆಸರು. ಅಷ್ಟು ಜನರ ಮುಂದೆ, ಬಣ್ಣ ಹಚ್ಚಿಕೊಂಡ ಬಾಯಲ್ಲಿ, "ಚನ್ನವೀರಯ್ಯಾ, ಚನ್ನವೀರಯ್ಯಾ" ಎಂದು.

ಗಂಡಸರಿಗೆ ಆಗಲೂ ಹೊಳೆಯಲಿಲ್ಲ. ಹೆಂಗಸರ ಕಡೆ ಕೂತಿದ್ದ ಕಡಲೆಕಾಯಿ ಮಾರುವ ಪುಟ್ಟಗಂಗಮ್ಮ ಎದ್ದು ನಿಂತಳು. "ಅಯ್ಯೋ ನಿಮ್ ಮನೆ ಹಾಳಾಗ, ಹೆಂಡ್ತಿ ಗಂಡನ್ ಹೆಸ್ರು ಕೂಗ್ತಾವ್ಳೆ ಕಣ್ರೋ, ಇದು ಆಟ ಅಲ್ಲ" ಎಂದಳು. ಹೆಂಗಸರು ಒಟ್ಟಿಗೆ ಎದ್ದು ರಂಗ ಹತ್ತಿದರು. ಅವರ ಕೈಯಲ್ಲಿ ಸಂತೆಯಲ್ಲಿ ಕೊಂಡ ಮಡಕೆ, ಸೇರು, ಕುಡುಗೋಲು, ಏನಿತ್ತೋ ಅದು. ನಿಮ್ಮವರಲ್ಲಿ ಒಬ್ಬನ ತಲೆಯ ಮೇಲೆ ಮಡಕೆ ಒಡೆಯಿತು. ಇನ್ನೊಬ್ಬನನ್ನು ಪೇಟದ ಬಟ್ಟೆಯಿಂದಲೇ ಕುತ್ತಿಗೆ ಹಿಡಿದು ಎಳೆದಾಡಿದರು, ಅವನ ನಾಲಿಗೆ ಹೊರಗೆ ಬಂದಿತ್ತು. ನೀವು ಕೊನೆಯ ಏಟಿಗೆ ದೊಣ್ಣೆ ಎತ್ತಿದ್ದಿರಿ. ನಾನು ಸಿಂಹಾಸನದಿಂದ ಇಳಿದು ಆ ಹಿತ್ತಾಳೆ ಗಂಟೆಯಿಂದ ನಿಮ್ಮ ಹಣೆಗೆ ಬಲವಾಗಿ ಹೊಡೆದೆ. ನಿಮ್ಮ ರಕ್ತ ನನ್ನ ಮೊಣಕೈವರೆಗೂ ಇಳಿಯಿತು. ಸುಳ್ಳು ಹೇಳುವುದಿಲ್ಲ, ಹಿತವಾಗಿತ್ತು.

ಆ ಗಾಯ ನಲವತ್ತೆರಡರ ಚಳವಳಿಯಲ್ಲಿ ಲಾಠಿ ಏಟು ಬಿದ್ದು ಆದದ್ದೆಂದು ನಿಮ್ಮ ಚುನಾವಣೆಯ ಕರಪತ್ರದಲ್ಲಿ ಅಚ್ಚಾಗಿದೆ. ನಲವತ್ತೆರಡರಲ್ಲಿ ನೀವು ಗೋಲಿ ಆಡುವ ಹುಡುಗ. ಗಂಟೆ ನಮ್ಮ ಮನೆಯಲ್ಲೇ ಇದೆ, ಒಂದು ಕಡೆ ತಗ್ಗಾಗಿದೆ. ಬೇಕಾದರೆ ತಂದು ಹಣೆಗೆ ಹಿಡಿದು ತೋರಿಸುತ್ತೇನೆ, ಸರಿಯಾಗಿ ಕೂರುತ್ತದೆ.

ಅದು ನಾಟಕದ ದೃಶ್ಯ, ಒನ್ಸ್ ಮೋರ್ ಕೇಳಿ ಹತ್ತಿದೆವು ಎಂದು ಪೊಲೀಸರಿಗೆ ಹೇಳಿದಿರಿ. ಅವರು ಒಪ್ಪಿಕೊಂಡು ನಕ್ಕು ಕಳಿಸಿದರು. ಕಂಪನಿ ಮುಚ್ಚಿತು. ರೇವಣಸಿದ್ದಯ್ಯನವರು ಸಾಯುವ ತನಕ ನಮ್ಮವರ ಮುಖ ಕಂಡರೆ ತಲೆ ತಗ್ಗಿಸುತ್ತಿದ್ದರು. ನಾವು ತುಮಕೂರಿಗೆ ಬಂದು, ಹೆಣ್ಣುಮಕ್ಕಳಿಗೆ ಹಾಡು ಹೇಳಿಕೊಟ್ಟು ನಾನು ಸಂಸಾರ ನಡೆಸಿದೆ. ಈಳಿಗೆಮಣೆಯ ಮುಂದೆ ಕೂತರೆ ಎಷ್ಟೋ ವರ್ಷ ನನಗೆ ಕುಂಬಳಕಾಯಿ ಕಾಣುತ್ತಿರಲಿಲ್ಲ, ನಿಮ್ಮ ತಲೆ ಕಾಣುತ್ತಿತ್ತು.

ನಮ್ಮವರದು ಬೇರೆ ದಾರಿ. ಗಂಜಿ ಕುಡಿಯಲೂ ಬಾಯಿ ತೆರೆಯಲಾಗದ ದಿನಗಳು ಕಳೆದ ಮೇಲೆ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಆ ಭಾಷಣ ಹೇಳಲು ಶುರು ಮಾಡಿದರು. ಮೊದಲು ಬರೀ ಉಸಿರು, ಎಂಜಲು. ಪಕ್ಕದ ಮನೆಯವರು ಹುಚ್ಚೆಂದರು. ನಾನು ಬಾಗಿಲ ಹಿಂದೆ ಸೆರಗು ಬಾಯಿಗೆ ತುರುಕಿಕೊಂಡು ಅತ್ತಿದ್ದೇನೆ. ಅವರು ನಿಲ್ಲಿಸಲಿಲ್ಲ. ಕಳೆದ ದೀಪಾವಳಿಯ ಬೆಳಗ್ಗೆ ಇಡೀ ಭಾಷಣ ಬಂತು. ತೊದಲುತ್ತದೆ, ಜೊಲ್ಲು ಸುರಿಯುತ್ತದೆ, ಆದರೆ ಒಂದೊಂದು ಮಾತೂ ತಿಳಿಯುತ್ತದೆ. ಕೊನೆಗೆ ಒಪ್ಪುವವರು ಕೈ ಎತ್ತಿ ಎಂದರು. ಹಿತ್ತಿಲಿನಲ್ಲಿ ನಾನೊಬ್ಬಳೇ ಇದ್ದೆ. ಎತ್ತಿದೆ.

ನಿಮ್ಮ ಸಭೆಗೆ ಬಂದು ಹಾಡಲು ಆಗುವುದಿಲ್ಲ. ಆದರೆ ಕುಣಿಗಲ್ಲಿಗೆ ಬರುತ್ತೇವೆ. ಚುನಾವಣೆಯ ಹಿಂದಿನ ಸಂತೆಯ ದಿನ, ಅದೇ ಸಂತೆಮಾಳದಲ್ಲಿ, ಮಧ್ಯಾಹ್ನದ ಆಟ, 'ಮಹಾಸಭೆ'. ಮಂತ್ರಿ ಅವರೇ. ಗಂಟೆ ನನ್ನ ಕೈಯಲ್ಲೇ. ನಜೀರ್ ಸಾಬರೂ ತಬಲ ಹಿಡಿದು ಬರುತ್ತಾರೆ. "ಈ ಸಲ ನನ್ ಕೈ ಬಿದ್ಮೇಲೇ ಸದ್ದು ಬರ್ಬೇಕು ಕಣಕ್ಕ" ಎಂದಿದ್ದಾರೆ. ಪುಟ್ಟಗಂಗಮ್ಮ ಹೆಂಗಸರನ್ನೆಲ್ಲ ಕರೆತಂದು ಮುಂದೆ ಕೂರಿಸುತ್ತಾಳೆ. ನಿಮ್ಮ ಹಳೆಯ ಕುರ್ಚಿ ನಿಮಗೇ ಇಟ್ಟಿರುತ್ತೇವೆ. ಪಕ್ಕದ ಕುರ್ಚಿ ನಿಮ್ಮ ಅಕ್ಕ ತುಳಸಮ್ಮನವರಿಗೆ, ಅವರು ಬರುತ್ತೇನೆಂದು ಹೇಳಿ ಕಳಿಸಿದ್ದಾರೆ. ದೊಣ್ಣೆ ತರುವುದಾದರೆ ತನ್ನಿ, ಈ ಸಲ ಅದು ಆಟವೆಂದು ನಂಬುವವರು ಆ ಊರಲ್ಲಿ ಯಾರೂ ಇಲ್ಲ.

ಹಿರಿಯಳಾಗಿ ಹರಸದೆ ಕಾಗದ ಮುಗಿಸಬಾರದೆಂದು ನಮ್ಮವರು ಹೇಳುತ್ತಿದ್ದಾರೆ. ಹರಸುತ್ತೇನೆ. ಅಂದು ನಿಮ್ಮ ಎರಡೂ ಕಣ್ಣು ನೆಟ್ಟಗಿರಲಿ, ಕುಣಿಗಲ್ಲಿನ ಜನ ಎತ್ತುವ ಒಂದೊಂದು ಕೈಯೂ ನಿಮಗೆ ಕಾಣಲಿ.

ನೀವು ಕೇಳಿದ ಒನ್ಸ್ ಮೋರ್ ಕೊಡಲು ಬರುತ್ತಿರುವ,
ಚನ್ನವೀರಯ್ಯನ ಹೆಂಡತಿ
ಕದರಮ್ಮ