ಎಲ್ಲರ ಹಾಳೆಯಲ್ಲೂ ನನ್ನದೇ ಅಂಜಿಕೆ

ಬಾಲಕಿಯರ ಹಾಸ್ಟೆಲ್, ಸಿಂಧನೂರು
ಅಕ್ಟೋಬರ್ ೯, ಗುರುವಾರ

ಪ್ರೀತಿಯ ಅಪ್ಪಾ,

ನಿನ್ನ ಬೆನ್ನುನೋವು ಹೇಗಿದೆ? ಭತ್ತ ಕೊಯ್ಯುವ ಮಷಿನ್ ಮೇಲೆ ಕೂತಾಗ ಮೂಗಿಗೆ ಟವೆಲ್ ಕಟ್ಟಿಕೊಳ್ಳುತ್ತೀಯೋ ಇಲ್ಲವೋ? ಹೋದ ಸುಗ್ಗಿಯಲ್ಲಿ ನೀನು ಭತ್ತದ ದೂಳಿಗೆ ಕೆಮ್ಮಿ ಕೆಮ್ಮಿ ಸುಸ್ತಾಗಿದ್ದೆ. ಮಸ್ಕಿಯಲ್ಲಿ ಅವ್ವ ಆರಾಮಿದ್ದಾಳೆ. ಭಾನುವಾರ ಬಂದು ಕಟಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟು ಹೋದಳು. ಇಲ್ಲಿ ಕಾಲುವೆ ಕಡೆ ಭತ್ತ ಇನ್ನೂ ಹಸಿರೇ ಇದೆ, ನೀನಿರುವ ಮಿರ್ಯಾಲಗೂಡದಲ್ಲಿ ಆಗಲೇ ಕಟಾವು ಶುರುವಾಯಿತಂತೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಅಂತೀಯ. ಆದರೆ ನೀನು ಫೋನ್ ಮಾಡುವುದೇ ಮಷಿನ್ ಮೇಲಿಂದ. ಆ ಸದ್ದಿನಲ್ಲಿ ಕೇಳುವುದು ಒಂದೇ ಮಾತು, "ಯವ್ವಾ, ಓದಾಕತ್ತೀಯಿಲ್ಲ?" ನಾನು ಹೂಂ ಅನ್ನುವಷ್ಟರಲ್ಲಿ ಕಟ್. ಅಲ್ಲಾಭಕ್ಷ್ ಕಾಕಾ ನಾಳೆ ಮಷಿನ್ ಬೆಲ್ಟ್ ತೆಗೆದುಕೊಂಡು ನಿನ್ನ ಕಡೆ ಹೊರಟಿದ್ದಾನೆ. ಅವನ ಕೈಯಲ್ಲೇ ಇದನ್ನು ಕೊಟ್ಟು ಕಳಿಸುತ್ತಿದ್ದೇನೆ. ಮಷಿನ್ ಬಂದ್ ಮಾಡಿ ಓದು.

ನಮ್ಮ ಕಾಲೇಜಿಗೆ ಹೊಸದಾಗಿ ಬಂದ ಮಾಹಿರಾ ಮೇಡಂ ಬಿ.ಎಸ್ಸಿ. ಫಸ್ಟ್ ಇಯರ್‌ನವರಿಗೆಲ್ಲ ಒಂದು ಪ್ರಶ್ನೆಹಾಳೆ ಕೊಟ್ಟರು. ಪಾಠದ ಪರೀಕ್ಷೆಯಲ್ಲ. ನಾವು ಹೇಗೆ ಓದುತ್ತೇವೆ, ಓದಿದ್ದು ನೆನಪಿಡಲು ಏನು ಮಾಡುತ್ತೇವೆ, ಓದುವ ಮನಸ್ಸಾದರೂ ಇದೆಯೋ ಇಲ್ಲವೋ, ಎಕ್ಸಾಮ್ ಅಂದರೆ ಎಷ್ಟು ಟೆನ್ಶನ್, ಇದನ್ನೆಲ್ಲ ತಿಳಿಯುವುದಕ್ಕೆ. ಇಂಗ್ಲಿಷಿನಲ್ಲಿ ಒಂದೊಂದು ವಾಕ್ಯ, ಎದುರಿಗೆ ಒಂದರಿಂದ ಐದರವರೆಗೆ ಅಂಕಿ. ಒಂದು ಅಂದರೆ ಏನೇನೂ ಇಲ್ಲ, ಐದು ಅಂದರೆ ಪೂರಾ ನಿಜ. ನಮಗೆ ಹೊಂದುವ ಅಂಕಿಗೆ ಸುತ್ತು ಹಾಕಬೇಕು. "ಇದರಾಗ ಸರಿ ತಪ್ಪು ಅಂತ ಇಲ್ಲ. ನಿಮ್ಮ ದಿಲ್‌ನಾಗ ಏನೈತಿ ಅದನ್ನ ಹಾಕ್ರಿ" ಎಂದು ಹೇಳಿ ಹಾಸ್ಟೆಲಿಗೇ ಕೊಟ್ಟು ಕಳಿಸಿದರು.

ಹಾಸ್ಟೆಲ್ ಹುಡುಗಿಯರ ಕೈಗೆ ಹಾಗೆ ಹಾಳೆ ಕೊಡಬಾರದು ಅಪ್ಪಾ. ಆರನೇ ಕ್ಲಾಸಿನಿಂದ ಇಲ್ಲಿಗೆ ಬರುವವರೆಗೆ ಲಿಂಗಸುಗೂರಿನ ಹಾಸ್ಟೆಲಿನಲ್ಲಿ ಬೆಳೆದ ನಮಗೆ ಗೊತ್ತಿರುವುದು ಒಂದೇ ಪದ್ಧತಿ. ಬೆಲ್ ಆದ ಮೇಲೆ ಸಾಲಾಗಿ ಕೂರುವುದು, ಒಬ್ಬಳು ಗಟ್ಟಿಯಾಗಿ ಹೇಳುವುದು, ಉಳಿದವರು ಅವಳ ಹಿಂದೆ ಹೇಳುವುದು. ಯಾರ ದನಿ ವಾರ್ಡನ್ ಕೋಣೆಗೆ ಮುಟ್ಟುತ್ತದೋ ಅವಳೇ ಜಾಣೆ. ಅರ್ಧಂಬರ್ಧ ಇಂಗ್ಲಿಷ್ ಬರುತ್ತದೆಂದು ಹೇಳಿಕೊಡುವ ಕೆಲಸ ಯಾವಾಗಲೂ ನನ್ನದೇ. ಅವತ್ತು ಸಂಜೆಯೂ ನನ್ನ ಸುತ್ತ ಕೂತರು. ಆ ವಾಕ್ಯಗಳನ್ನು ನಮ್ಮ ಮಾತಿಗೆ ತಿರುಗಿಸುವುದೆಂದರೆ ನನಗೆ ಎಷ್ಟು ಖುಷಿ ಗೊತ್ತಾ, ಹೊಟ್ಟೆ ಹಸಿದದ್ದೂ ನೆನಪಾಗಲಿಲ್ಲ. "ಪುಸ್ತಕ ತೆರದ್ರ ಮನಸ್ಸು ಬ್ಯಾರೆ ಕಡಿ ಹೋಗತೈತಿ" ಅಂತ ಹೇಳಿ ನನ್ನ ಹಾಳೆಯಲ್ಲಿ ಐದಕ್ಕೆ ಸುತ್ತು ಹಾಕಿದೆ. ಎಲ್ಲರ ಪೆನ್ನೂ ಐದಕ್ಕೇ ಹೋಯಿತು. "ಪೇಪರ್ ಕೈಗೆ ಬಂದ್ರ ಕೈ ಬೆವರತಾವ." ಮತ್ತೆ ಐದು. ನನ್ನ ಪಕ್ಕದ ಕಾಟಿನ ಮೌನೇಶ್ವರಿ, ಗುರುಗುಂಟಾದವಳು, "ಲೇ, ನನಗ ಹಂಗ ಆಗಂಗಿಲ್ಲ" ಅಂದಳು. "ಸುಮ್ನ ಹಾಕಬೇ, ದುರ್ಗಿಗೆ ಗೊತ್ತಿರತೈತಿ" ಎಂದು ಉಳಿದವರು ಅವಳ ಬಾಯಿ ಮುಚ್ಚಿಸಿದರು. ನಾನು ತಡೆಯಲಿಲ್ಲ. ಎಲ್ಲರ ಹಾಳೆಯೂ ನನ್ನ ಹಾಳೆಯಂತೆ ಆಗುವುದನ್ನು ನೋಡಿ ಒಂದು ನಮೂನಿ ಸಮಾಧಾನವಾಯಿತು, ಇವರೂ ನನ್ನಂತೆಯೇ ಇರಬಹುದು ಅನ್ನಿಸಿತು.

ಸೋಮವಾರ ಮೇಡಂ ಹಾಳೆಗಳ ಕಟ್ಟು ಹಿಡಿದುಕೊಂಡೇ ಕ್ಲಾಸಿಗೆ ಬಂದರು. "ಹಾಸ್ಟೆಲ್‌ನ್ಯಾಗಿನ ಇಷ್ಟೂ ಮಂದಿಗೆ ಒಂದ ನಮೂನಿ ಅಂಜಿಕಿ ಹೆಂಗ ಬಂತವಾ? ಸಾರಿನ್ಯಾಗ ಏನರ ಕಲಸ್ಯಾರೇನು?" ಇಡೀ ಕ್ಲಾಸು ನಕ್ಕಿತು. ಬಟ್ಟೆ ಒಗೆಯುವಾಗಲೂ ಕೆಮಿಸ್ಟ್ರಿ ಬಾಯಿಪಾಠ ಮಾಡುವ ಮೌನೇಶ್ವರಿಯೂ ಓದುವ ಮನಸ್ಸಿಲ್ಲದವರ ಪಟ್ಟಿಯಲ್ಲಿದ್ದಳು. "ನಿನ್ನ ಅಂಜಿಕಿ ನೀನ ಉಣ್ಣಬೇಕಿಲ್ಲ? ನಮಗೂ ಬಡಿಸಿದೆಲ್ಲ ತಾಯೀ!" ಅಂದಳು. ನಗುತ್ತಲೇ ಅಂದಳು, ಆದರೂ ನಾಟಿತು.

ನಿನ್ನೆ ಮತ್ತೆ ಕೂರಿಸಿದರು. ಒಂದು ಬೆಂಚಿಗೆ ಒಬ್ಬಳೇ. ವಾಕ್ಯಗಳನ್ನು ಮೇಡಂ ಅವರೇ ಕನ್ನಡದಲ್ಲಿ ಓದಿದರು. ಈ ಸಲ ಒಬ್ಬೊಬ್ಬರದೂ ಬೇರೆ ಬೇರೆ ಬಂತು. ಮೌನೇಶ್ವರಿಗೆ ಅಂಜಿಕೆಯೇ ಇಲ್ಲ, ಟೈಮ್‌ಟೇಬಲ್ ಮಾಡಿಕೊಂಡು ಓದಿದರೆ ಸಾಕಂತೆ. ಇನ್ನೊಬ್ಬಳಿಗೆ ನೋಟ್ಸ್ ಮಾಡಲು ಬರುವುದಿಲ್ಲ, ಅದನ್ನು ಮೇಡಂ ಕಲಿಸುತ್ತಾರೆ. ನನ್ನದು ಮಾತ್ರ ಮೊದಲಿನ ಹಾಳೆಯ ಹಾಗೆಯೇ ಬಂತು, ಒಂದು ಅಂಕಿಯೂ ಆಚೀಚೆ ಆಗಲಿಲ್ಲ. ಅಷ್ಟು ಮಂದಿಯ ನಡುವೆ ಕಾಣದಂತಿದ್ದ ನನ್ನ ಅಂಜಿಕೆ ಈಗ ಒಂಟಿಯಾಗಿ ಬೆಂಚಿನ ಮೇಲೆ ಕೂತಿತ್ತು. "ಯಾರೂ ಹೇಳದಿದ್ದರೂ ನಾನು ಇದೇ ವಿಷಯ ಓದುತ್ತಿದ್ದೆ" ಅನ್ನುವ ವಾಕ್ಯ ಬಂದಾಗ ಒಂದಕ್ಕೆ ಸುತ್ತು ಹಾಕಿದೆ. ಮೇಡಂ ಬೈಯಲಿಲ್ಲ. ನನ್ನನ್ನು ಒಬ್ಬಳನ್ನೇ ಕರೆದು, "ಅಪ್ಪಗ ಇದು ಗೊತ್ತೈತೇನವಾ?" ಎಂದು ಕೇಳಿದರು.

ಮೊದಲ ಟೆಸ್ಟಿನಲ್ಲಿ ಫಿಜಿಕ್ಸ್, ಕೆಮಿಸ್ಟ್ರಿ ಎರಡೂ ಹೋಗಿವೆ ಅಪ್ಪಾ. ಓದದೆ ಹೋದದ್ದಲ್ಲ. ಪುಟ ತಿರುಗಿಸುತ್ತೇನೆ, ಗಟ್ಟಿಯಾಗಿಯೂ ಹೇಳುತ್ತೇನೆ, ಒಳಗೆ ಏನೂ ನಿಲ್ಲುವುದಿಲ್ಲ. ಮಷಿನ್‌ನವರಿಗೆಲ್ಲ ನೀನು "ನನ್ನ ಮಗಳು ಸೈನ್ಸ್ ಮಾಡಾಕತ್ತಾಳ" ಅಂತ ಹೇಳಿಕೊಂಡಿರುವುದು ನನಗೆ ಗೊತ್ತು. ಪುಸ್ತಕ ತೆರೆದರೆ ಮೊದಲು ಆ ಮಾತೇ ಕಾಣುತ್ತದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಬಿಸಿಲಲ್ಲಿ ಬರಿಗೈಯಲ್ಲಿ ಇಂಜಿನ್ ಮುಟ್ಟಬೇಡ. ಅಲ್ಲಾಭಕ್ಷ್ ಕಾಕಾನಿಗೆ ಚಹಾ ಕುಡಿಸಿ ಕಳಿಸು. ನಿನ್ನ ಕಾಲಿಗೆ ನನ್ನ ನಮಸ್ಕಾರ.

ನಿನ್ನ ಮಗಳು,
ದುರ್ಗಾದೇವಿ

ತಾ.ಕ.: ಬೆಳಗಾಯಿತು, ಕಾಕಾ ಗೇಟಿನಲ್ಲಿ ನಿಂತು ಕರೆಯುತ್ತಿದ್ದಾನೆ, ಇದೊಂದು ಬರೆದುಬಿಡುತ್ತೇನೆ. ದೀಪಾವಳಿಗೆ ಮುಂಚಿನ ಶನಿವಾರ ನಿನ್ನನ್ನು ಕರೆತರಲು ಮೇಡಂ ಹೇಳಿದ್ದಾರೆ. ಬಿ.ಎಸ್ಸಿ. ಬಿಟ್ಟು ಬಿ.ಎ. ಸೇರಬೇಕು ಅಂತ ನನ್ನ ಮನಸ್ಸು. ಕನ್ನಡ, ಇಂಗ್ಲಿಷ್ ಎರಡನ್ನೂ ಓದಬೇಕು. ಬದಲಿಸಲು ಅವತ್ತೇ ಕಡೇ ದಿನ, ನಿನ್ನ ಸಹಿ ಬೇಕು. ನೀನು ಬೇಡ ಅಂದರೆ ಇದರಲ್ಲೇ ಇರುತ್ತೇನೆ. ಆದರೆ ಮೇಡಂ ಮುಂದೆ "ನನ್ನ ಮಗಳು ಭಾಳ ಶಾಣ್ಯಾಕಿ" ಅನ್ನುವ ಮುಂಚೆ, ಬಸ್ ಸ್ಟ್ಯಾಂಡಿನಲ್ಲೇ ನಿಂತು ಒಂದು ಸಲ ನನ್ನನ್ನು ಕೇಳು. "ಓದಾಕತ್ತೀಯಿಲ್ಲ?" ಅಂತ ಕೇಳಬೇಡ, ಅದಕ್ಕೆ ಹೂಂ ಅನ್ನುವುದು ಬಿಟ್ಟು ನನಗೆ ಬೇರೆ ಬರುವುದಿಲ್ಲ. "ಏನು ಓದ್ತೀ ಯವ್ವಾ?" ಅಂತ ಕೇಳು.