ಹೊಲಿಗೆ ಅಂಗಡಿಯಲ್ಲಿ ಕಣ್ಣಿನ ಡಾಕ್ಟರಿಲ್ಲ

ವೇಗಕ್ಕಾಗಿ ಈ ವರ್ಷದ ಫಲಕ ಪಡೆದಿರುವ ಅಂತರ್ಜಾಲ ವಿಭಾಗದ ಮುಖ್ಯಸ್ಥರೇ,

ನಾನು ಕಣ್ಣಿನ ಆಸ್ಪತ್ರೆ ಅಲ್ಲ. ಎರಡು ಯಂತ್ರ, ಒಂದು ಕತ್ತರಿ, ಒಬ್ಬರು ಅತ್ತೆ, ಇಷ್ಟೇ ಇರುವ ಹೊಲಿಗೆ ಅಂಗಡಿ ನನ್ನದು. ಆದರೂ ಏಳು ತಿಂಗಳಿಂದ ದಿನಕ್ಕೆ ಮೂವತ್ತು ಜನ ಫೋನ್ ಮಾಡಿ, ಪೊರೆ ತೆಗೆಯುವುದು ಯಾವತ್ತು ಎಂದು ನನ್ನನ್ನು ಕೇಳುತ್ತಿದ್ದಾರೆ. ಕಣ್ಣಿನ ಆಸ್ಪತ್ರೆ ಹೊಸ ಕಟ್ಟಡಕ್ಕೆ ಹೋದಾಗ ತನ್ನ ಹಳೆಯ ನಂಬರನ್ನು ಬಿಟ್ಟುಕೊಟ್ಟಿತು. ದೂರವಾಣಿಯವರು ಅದನ್ನು ಒಗೆದು ಇಸ್ತ್ರಿ ಮಾಡಿ ನನಗೆ ಕೊಟ್ಟರು. ಆಸ್ಪತ್ರೆಯವರು ತಮ್ಮ ವೆಬ್‌ಪುಟದಲ್ಲಿ ಅಂದೇ ಹೊಸ ನಂಬರು ಹಾಕಿದ್ದಾರೆ. ನಮ್ಮ ಬಡಾವಣೆಯ ಫೋನುಗಳಲ್ಲಿ ಮಾತ್ರ ಆ ಪುಟ ಇವತ್ತಿಗೂ ನನ್ನ ನಂಬರನ್ನೇ ತೋರಿಸುತ್ತಿದೆ.

ದೂರು ಕೊಡಲು ನಿಮ್ಮ ಕಚೇರಿಗೆ ನಾಲ್ಕು ಸಲ ಬಂದೆ. ಕೌಂಟರಿನ ಗುಮಾಸ್ತರು ಪ್ರತಿ ಸಲವೂ ತಮ್ಮ ಪರದೆಯನ್ನು ನನ್ನತ್ತ ತಿರುಗಿಸಿ, "ನೋಡಮ್ಮ, ಇಲ್ಲಿ ಸರಿಯಾಗೇ ಇದೆಯಲ್ಲ" ಎಂದರು. ಆ ಬೆಳಿಗ್ಗೆ ಅಂಗಡಿಯಲ್ಲೇ ತೆಗೆದ ನನ್ನ ಫೋನ್ ಪರದೆಯ ಫೋಟೋ ತೋರಿಸಿದೆ. "ಇದು ಹಳೇ ಪುಟ ಕಣಮ್ಮ" ಎಂದರು. ಹಳೆಯದೆಂದೇ ಅಲ್ಲವೇ ಸ್ವಾಮಿ, ನಾನು ಎರಡು ಬಸ್ಸು ಹತ್ತಿ ಬಂದದ್ದು?

ಕೊನೆಗೆ ಒಳಗಿದ್ದ ಎಂಜಿನಿಯರ್ ಒಬ್ಬರು ಕನಿಕರಪಟ್ಟು ಬಿಡಿಸಿ ಹೇಳಿದರು. "ಎಲ್ಲರೂ ದೂರದ ಮುಖ್ಯ ಕಂಪ್ಯೂಟರನ್ನೇ ಕೇಳಿದ್ರೆ ಪುಟ ಬರೋದು ತಡ ಆಗುತ್ತೆ. ಅದಕ್ಕೇ ಒಂದೊಂದು ಬಡಾವಣೆಗೂ ಒಂದು ಕ್ಯಾಶ್ ಸರ್ವರ್ ಇಟ್ಟಿದ್ದೀವಿ. ಒಬ್ಬರು ಕೇಳಿದ ಪುಟದ ಪ್ರತಿ ಅದರಲ್ಲಿ ಉಳಿಯುತ್ತೆ, ಆಮೇಲೆ ಬಂದವರಿಗೆಲ್ಲ ಅದನ್ನೇ ಕೊಡುತ್ತೆ."

"ಎಷ್ಟು ದಿನ ಇಟ್ಕೋತೀರಿ?" ಎಂದೆ.

"ನಿಮ್ಮ ಕಡೆಯದಕ್ಕೆ ಅವಧಿ ಹಾಕಿಲ್ಲ. ಅಳಿಸಬೇಕಂದ್ರೆ ಸಾಹೇಬರ ಸಹಿ ಬೇಕು. ಮುಖ್ಯ ಕಂಪ್ಯೂಟರನ್ನ ಕೇಳದೇ ಕೊಟ್ಟಷ್ಟೂ ನಮಗೆ ಅಂಕ ಜಾಸ್ತಿ. ಈ ಸಲ ನೂರಕ್ಕೆ ತೊಂಬತ್ತೆಂಟು!"

ಅಭಿನಂದನೆಗಳು. ವಿಚಾರಿಸದೆ ಥಟ್ಟನೆ ಉತ್ತರ ಕೊಡುವವರನ್ನು ನಮ್ಮ ಬೀದಿಯಲ್ಲಿ ಬಾಯಿಬಡುಕರು ಎನ್ನುತ್ತಾರೆ. ನಿಮ್ಮಲ್ಲಿ ಅವರಿಗೆ ಫಲಕ ಕೊಡುತ್ತಾರೆಂದು ಗೊತ್ತಿರಲಿಲ್ಲ.

ಪ್ರತಿ ಇಟ್ಟುಕೊಳ್ಳುವುದೇ ತಪ್ಪು ಎಂದು ನಾನು ವಾದಿಸುತ್ತಿಲ್ಲ. ನನ್ನ ಹತ್ತಿರವೂ ಅಳತೆ ಪುಸ್ತಕವಿದೆ. ಬಂದವರನ್ನೆಲ್ಲ ಪ್ರತಿ ಸಲ ನಿಲ್ಲಿಸಿ ಅಳೆಯುತ್ತ ಕೂತರೆ ಹೊಲಿಯುವುದು ಯಾವಾಗ? ಆದರೆ ನಾನು ಅಳತೆಯ ಪಕ್ಕ ತಾರೀಕು ಬರೆಯುತ್ತೇನೆ. ಶಾಲೆಗೆ ಹೋಗುವ ಮಕ್ಕಳಾದರೆ ಆರು ತಿಂಗಳಿಗೆ ಮತ್ತೆ ಟೇಪು ಹಿಡಿಯುತ್ತೇನೆ. ನಮ್ಮ ಗಿರಾಕಿ ವಕೀಲರೊಬ್ಬರು ತಮ್ಮ ಸೊಂಟ ಹತ್ತು ವರ್ಷದಿಂದ ಒಂದಿಂಚೂ ಬೆಳೆದಿಲ್ಲ ಎಂದು ಆಣೆ ಮಾಡುತ್ತಾರೆ. ಅವರನ್ನಂತೂ ತಪ್ಪದೆ ಅಳೆಯುತ್ತೇನೆ. ಆಸ್ಪತ್ರೆಯ ಕಟ್ಟಡದ ಚಿತ್ರವನ್ನು ನೀವು ವರ್ಷಗಟ್ಟಲೆ ಇಟ್ಟುಕೊಳ್ಳಿ, ಬೇಡವೆಂದವರು ಯಾರು? ಫೋನ್ ನಂಬರನ್ನೂ ಅದೇ ಗಂಟಿಗೆ ಕಟ್ಟಿ ಅಟ್ಟಕ್ಕೆ ಹಾಕಿದರೆ ಹೇಗೆ?

ಇನ್ನು ನನ್ನ ಅತ್ತೆಯ ವಿಷಯ. ಅವರಿಗೆ ಊರ ಉಸಾಬರಿಯೆಂದರೆ ಪ್ರಾಣ. ನಾನು "ರಾಂಗ್ ನಂಬರ್" ಎಂದು ಇಡುತ್ತಿದ್ದ ಕರೆಗಳನ್ನು ಅವರು ಕೈಗೆತ್ತಿಕೊಂಡರು. ಮೊದಮೊದಲು ಪ್ರತಿಯೊಬ್ಬರಿಗಾಗಿ ಆಸ್ಪತ್ರೆಯ ಹೊಸ ನಂಬರಿಗೆ ಫೋನ್ ಮಾಡಿ, ವಿಚಾರಿಸಿ, ತಿರುಗಿ ಹೇಳುತ್ತಿದ್ದರು. ಆ ಲೈನು ಸಿಗುವುದೇ ಕಷ್ಟ. ಕ್ರಮೇಣ ಯಾವ ಡಾಕ್ಟರು ಯಾವ ವಾರ ಎಂಬುದು ಅವರಿಗೆ ಬಾಯಿಪಾಠವಾಯಿತು. ಆಮೇಲೆ ಕೇಳುವುದೇಕೆ? ಗಂಟೆ ಬಾರಿಸುವುದೇ ತಡ, ಉತ್ತರ ಸಿದ್ಧ. "ಆಸ್ಪತ್ರೆಯವರಿಗಿಂತ ನೀವೇ ವಾಸಿ ಕಣಮ್ಮ" ಎಂದು ಜನ ಹೊಗಳಿದರು. ಅತ್ತೆ ಉಬ್ಬಿಹೋದರು. ಆ ತಿಂಗಳು ಅವರ ಅಂಕವೂ ತೊಂಬತ್ತೆಂಟೇ ಇದ್ದಿರಬೇಕು.

ಒಂದು ಸೋಮವಾರ, ನಮ್ಮ ಹಿಂದಿನ ಬೀದಿಯಲ್ಲಿ ಅಂಗಡಿಗಳಿಗೆ ಬೋರ್ಡು ಬರೆದುಕೊಡುವ ಪೇಂಟರ್ ಫೋನ್ ಮಾಡಿದರು. ಬಲಗಣ್ಣು ನೋಯುತ್ತಿದೆ, ದೀಪದ ಸುತ್ತ ಬಣ್ಣದ ಬಳೆ ಕಾಣಿಸುತ್ತಿದೆ ಎಂದರು. "ಕಣ್ಣಿನ ಒತ್ತಡ ನೋಡೋ ಡಾಕ್ಟರು ಗುರುವಾರ ಬರ್ತಾರೆ, ಅವತ್ತೇ ಹೋಗಿ" ಎಂದರು ಅತ್ತೆ. ಹಿಂದಿನ ವಾರದವರೆಗೆ ಅದು ನಿಜವೇ. ಆ ವಾರದಿಂದ ಡಾಕ್ಟರು ಮಂಗಳವಾರಕ್ಕೆ ಬದಲಾಗಿದ್ದರು. ಪೇಂಟರ್ ನೋವು ನುಂಗಿಕೊಂಡು ಗುರುವಾರದವರೆಗೆ ಕಾದರು. ಹೋದರೆ ಆ ಡಾಕ್ಟರ ಕೋಣೆಗೆ ಬೀಗ. ಅಲ್ಲೇ ಹಾದುಹೋಗುತ್ತಿದ್ದ ನರ್ಸ್ ಒಬ್ಬರು ಅವರ ಕಣ್ಣು ನೋಡಿ ಗಾಬರಿಯಾಗಿ ತುರ್ತು ವಿಭಾಗಕ್ಕೆ ಕರೆದೊಯ್ದರು. ಕಣ್ಣು ಉಳಿಯಿತು, ಅಂಚಿನ ನೋಟ ಹೋಯಿತು. "ಮಂಗಳವಾರವೇ ಬರಬೇಕಿತ್ತು" ಎಂದರಂತೆ ಡಾಕ್ಟರು.

ಅತ್ತೆ ಅವರ ಮನೆಗೆ ಹೋಗಿ, "ತಪ್ಪು ನಂದೇ ಕಣಪ್ಪ, ಕೇಳದೆ ಹೇಳ್ಬಿಟ್ಟೆ" ಎಂದು ಅತ್ತರು. "ಅಳಬೇಡಿ ಅಮ್ಮ, ಇನ್ಮೇಲೆ ದಪ್ಪಕ್ಷರದ ಬೋರ್ಡೇ ಬರೀತೀನಿ ಬಿಡಿ" ಎಂದು ಅವರೇ ಸಮಾಧಾನ ಮಾಡಿದರು. ನನಗೆ ಸಿಟ್ಟು ಬಂತು. ಅತ್ತೆಯ ಮೇಲಲ್ಲ, ನಿಮ್ಮ ಮೇಲೆ.

ಈಗ ಅತ್ತೆ ಯಾರು ಕೇಳಿದರೂ, "ಒಂದ್ನಿಮಿಷ ತಡೀರಿ, ಏನಾದ್ರೂ ಬದಲಾಗಿದೆಯಾ ಕೇಳಿ ಹೇಳ್ತೀನಿ" ಎನ್ನುತ್ತಾರೆ. ಬದಲಾಗಿಲ್ಲವೆಂದರೆ ಬಾಯಿಪಾಠವಿದ್ದದ್ದನ್ನೇ ಹೇಳುತ್ತಾರೆ. ಹಿಡಿಯುವುದು ಒಂದು ನಿಮಿಷ. ನಿಮ್ಮ ಯಂತ್ರಕ್ಕೆ ಅಷ್ಟೂ ಬೇಡ, ಕಣ್ಣು ಮಿಟುಕಿಸುವಷ್ಟು ಸಾಕು ಎಂದು ನಿಮ್ಮ ಎಂಜಿನಿಯರೇ ಹೇಳಿದರು. ಅಷ್ಟು ಹೊತ್ತಿಗೂ ತತ್ವಾರವೇ?

ಆದ್ದರಿಂದ ಈ ವಾರದೊಳಗೆ ಆ ಹಳೆಯ ಪ್ರತಿಯನ್ನು ಅಳಿಸಲು ಸಹಿ ಹಾಕಿ. ಉಳಿದ ಪ್ರತಿಗಳಿಗೆ ಅವಧಿ ಗೊತ್ತುಮಾಡಿ. ಅಂಕ ತೊಂಬತ್ತಕ್ಕೆ ಇಳಿದರೆ ಫಲಕವನ್ನು ವಾಪಸು ಕೇಳುವವರ ಜೊತೆ ನಾನೇ ಜಗಳವಾಡುತ್ತೇನೆ. ಇನ್ನೊಂದು ಕೆಲಸವಿದೆ. ಈ ಏಳು ತಿಂಗಳಲ್ಲಿ ಪೇಂಟರ್ ಮುಂದೆ ನಿಂತು ತಪ್ಪಾಯಿತು ಎಂದವರು ನನ್ನ ಅತ್ತೆ ಒಬ್ಬರೇ. ಅವರಿಗೆ ನಿಮ್ಮ ಇಲಾಖೆಯ ಸಂಬಳವಿಲ್ಲ. ಆ ಮಾತನ್ನು ನೀವೂ ಹೇಳಬೇಕು. ಅದಕ್ಕೆ ಹತ್ತಿರದ ಕಚೇರಿಯಿಂದ ಯಾರನ್ನೋ ಕಳಿಸಬೇಡಿ. ದೂರವಾದರೂ ಸರಿ, ತಡವಾದರೂ ಸರಿ, ನೀವೇ ಬನ್ನಿ.

ಇಂತಿ,
ಒಲ್ಲದ ಮನಸ್ಸಿನ ಕಣ್ಣಿನ ಆಸ್ಪತ್ರೆ
(ಬಟ್ಟೆಗಳನ್ನೂ ಹೊಲಿದುಕೊಡಲಾಗುವುದು)